ರಕ್ತದಲ್ಲಿ ಕ್ಯಾನ್ಸರ್ ಕೋಶ ಸಿಕ್ಕಿತು ಅಂತಿಟ್ಟುಕೊಳ್ಳಿ, ಮುಂದೆ?

'ಒಂದು ಹನಿ ರಕ್ತ ಸಾಕು, ಕ್ಯಾನ್ಸರ್ ಇದೆಯೋ ಇಲ್ವೋ ಹೇಳ್ತೀವಿ' ಅನ್ನೋ ಫಾರ್ವರ್ಡ್ ಮತ್ತೆ ಓಡಾಡುತ್ತಿದೆ. ನಾನು ಪಿಸಿಆರ್ ಲ್ಯಾಬಿನಲ್ಲಿ ಕೆಲಸ ಮಾಡುವವನು ಅಂತ 'ಮಾಡಿಸ್ಲಾ?' ಎಂದು ಕೇಳುವವರೂ ಜಾಸ್ತಿಯಾಗಿದ್ದಾರೆ. ಆರೋಗ್ಯವಾಗಿರುವವರಿಗೆ ನನ್ನ ಉತ್ತರ: ಬೇಡ. ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಹಿಂದಿರುವ ವಿಜ್ಞಾನವೇನೂ ಸುಳ್ಳಲ್ಲ. ಗಡ್ಡೆಯಿಂದ ಕಳಚಿಕೊಂಡ ಕೋಶಗಳು ರಕ್ತದಲ್ಲಿ ಓಡಾಡುತ್ತವೆ ಅನ್ನುವುದು ಹಳೇ ವಿಷಯ. 1869ರಲ್ಲಿ ಆಸ್ಟ್ರೇಲಿಯಾದ ವೈದ್ಯ ಥಾಮಸ್ ಆಶ್ವರ್ತ್, ಕ್ಯಾನ್ಸರಿನಿಂದ ತೀರಿಕೊಂಡವರೊಬ್ಬರ ರಕ್ತವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಗಡ್ಡೆಯಲ್ಲಿದ್ದಂಥದೇ ಕೋಶಗಳು ರಕ್ತದಲ್ಲೂ ಇದ್ದವು. ಸ್ತನದ ಕ್ಯಾನ್ಸರ್ ಮೂಳೆ ಸೇರುವುದು, ಕರುಳಿನದು ಲಿವರ್ ಸೇರುವುದು ಇಂಥ ಕೋಶಗಳಿಂದಲೇ.

ಕಷ್ಟ ಇರುವುದು ಹುಡುಕುವುದರಲ್ಲಿ. ಒಂದು ಮಿಲಿ ರಕ್ತದಲ್ಲಿ ಸುಮಾರು 500 ಕೋಟಿ ಕೆಂಪು ಕೋಶ, ಲಕ್ಷಗಟ್ಟಲೆ ಬಿಳಿ ಕೋಶ. ಕ್ಯಾನ್ಸರ್ ಹರಡಿರುವವರಲ್ಲೂ ಗಡ್ಡೆಯ ಕೋಶ ಸಿಕ್ಕರೆ ಒಂದೋ ಎರಡೋ, ಹೆಚ್ಚೆಂದರೆ ಹತ್ತು. ಎಷ್ಟೋ ಸಲ ಒಂದೂ ಸಿಗುವುದಿಲ್ಲ. ಹನಿ ರಕ್ತದಲ್ಲಿ ಏನು ಹುಡುಕುತ್ತೀರಿ? 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಸೆಲ್‌ಸರ್ಚ್ ಟೆಸ್ಟಿಗೇ 7.5 ಮಿಲಿ ಬೇಕು. ಕಬ್ಬಿಣದ ಅತಿ ಸಣ್ಣ ಕಣಗಳಿಗೆ, ಎಪ್‌ಕ್ಯಾಮ್ ಎಂಬ, ಗಡ್ಡೆ ಕೋಶದ ಮೈಮೇಲಿರುವ ಪ್ರೋಟೀನನ್ನು ಹಿಡಿಯುವ ಆಂಟಿಬಾಡಿ ಅಂಟಿಸಿರುತ್ತಾರೆ. ಅವನ್ನು ರಕ್ತಕ್ಕೆ ಬೆರೆಸಿ ಆಯಸ್ಕಾಂತದಿಂದ ಎಳೆಯುತ್ತಾರೆ. ಹರಡಿದ ಸ್ತನ ಕ್ಯಾನ್ಸರಿನಲ್ಲಿ 5 ಅಥವಾ ಅದಕ್ಕಿಂತ ಹೆಚ್ಚು ಕೋಶ ಸಿಕ್ಕರೆ ಕಾಯಿಲೆ ಜೋರಾಗಿದೆ ಎಂದು ಲೆಕ್ಕ. ಆದರೆ ಕೆಲವು ಕೋಶಗಳು ಗಡ್ಡೆ ಬಿಟ್ಟು ಹೊರಡುವಾಗ ಎಪ್‌ಕ್ಯಾಮನ್ನೇ ಕಳೆದುಕೊಂಡಿರುತ್ತವೆ. ಅವು ಆಯಸ್ಕಾಂತಕ್ಕೆ ಸಿಗುವುದೇ ಇಲ್ಲ.

ಅದಕ್ಕೇ ಜೀನ್ ಮಾರ್ಕರ್ ದಾರಿ, ಅಂದರೆ ಕೋಶವನ್ನು ಅದರ ಜೀನಿನ ಗುರುತಿನಿಂದ ಹಿಡಿಯುವುದು. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡು ಮಾಡಿಸಿದೆವಲ್ಲ, ಅದೇ ಆರ್‌ಟಿ-ಪಿಸಿಆರ್. ಇಲ್ಲಿ ಹುಡುಕುವುದು ವೈರಸ್ಸನ್ನಲ್ಲ, ರಕ್ತದಲ್ಲಿ ಇರಬಾರದ, ಜೀನ್ ಕೆಲಸ ಮಾಡುವಾಗ ಹೊರಡುವ ಪ್ರತಿಯಾದ ಆರ್‌ಎನ್‌ಎಯನ್ನು. 1991ರಲ್ಲಿ ಮೆಲನೋಮಾ (ಒಂದು ಬಗೆಯ ಚರ್ಮದ ಕ್ಯಾನ್ಸರ್) ರೋಗಿಗಳ ರಕ್ತದಲ್ಲಿ ಟೈರೋಸಿನೇಸ್ ಜೀನಿನ ಆರ್‌ಎನ್‌ಎ ಹೀಗೆ ಸಿಕ್ಕಿತು. ಚರ್ಮಕ್ಕೆ ಬಣ್ಣ ಕೊಡುವ ಕೋಶದ ಜೀನ್ ಅದು, ರಕ್ತದಲ್ಲಿ ಅದಕ್ಕೇನು ಕೆಲಸ? ಸ್ತನ ಕ್ಯಾನ್ಸರಿಗೆ ಸಿಕೆ-19 (ಕೆರಾಟಿನ್ ಜಾತಿಯ ಒಂದು ಪ್ರೋಟೀನಿನ ಜೀನ್), ಮಮ್ಮಾಗ್ಲೋಬಿನ್ ಮುಂತಾದ ಮಾರ್ಕರುಗಳು ಬಂದವು.

ಉಪಾಯ ಸೊಗಸಾಗಿದೆ. ಆದರೆ ಸಿಕೆ-19 ಜೊತೆ ಏಗಿದವರಿಗೇ ಗೊತ್ತು ಅದರ ಕಾಟ. ಆರೋಗ್ಯವಂತರ ರಕ್ತಕೋಶಗಳೂ ಅದರ ಆರ್‌ಎನ್‌ಎಯನ್ನು ಚೂರುಪಾರು ತಯಾರಿಸುತ್ತವೆ. ಪಿಸಿಆರ್ ಸೈಕಲ್ (ಪ್ರತಿ ಮೇಲೆ ಪ್ರತಿ ತೆಗೆಯುವ ಸುತ್ತು) ಜಾಸ್ತಿ ಓಡಿಸಿದರೆ ಆರೋಗ್ಯವಂತರ ಸ್ಯಾಂಪಲ್‌ನಲ್ಲೂ ಸ್ಕ್ರೀನಿನ ಗೆರೆ ಮೇಲೆದ್ದು ಪಾಸಿಟಿವ್ ಅನ್ನಿಸಬಹುದು. ಇನ್ನು ಡಿಎನ್‌ಎಯಲ್ಲಿ ಇದನ್ನೇ ಹೋಲುವ, ಕೆಲಸಕ್ಕೆ ಬಾರದ ನಕಲು ಜೀನುಗಳಿವೆ. ಸ್ಯಾಂಪಲ್‌ನಲ್ಲಿ ಒಂಚೂರು ಡಿಎನ್‌ಎ ಉಳಿದರೂ ಮಷಿನ್ ಮೋಸ ಹೋಗುತ್ತದೆ. ಎಲ್ಲಕ್ಕಿಂತ ತಮಾಷೆ ಸೂಜಿಯದು. ಚುಚ್ಚುವಾಗ ಚರ್ಮದ ಒಂದೆರಡು ಕೋಶ ಟ್ಯೂಬಿಗೆ ಬಂದುಬಿಡಬಹುದು, ಅವುಗಳಲ್ಲೂ ಕೆರಾಟಿನ್ ಇರುತ್ತದೆ. ಅದಕ್ಕೇ ಮೊದಲು ಬಂದ ರಕ್ತವನ್ನು ಈ ಟೆಸ್ಟಿಗೆ ಬಳಸಬಾರದು, ಆಮೇಲಿನ ಟ್ಯೂಬೇ ಆಗಬೇಕು. ಜಾಹೀರಾತಿನಲ್ಲಿ ಇದನ್ನೆಲ್ಲ ಯಾರು ಹೇಳುತ್ತಾರೆ!

ಸರಿ, ಎಲ್ಲಾ ಎಚ್ಚರಿಕೆ ತೆಗೆದುಕೊಂಡೇ ಮಾಡಿದರು, ಕೋಶ ಸಿಕ್ಕಿತು. ಮುಂದೆ? ನನ್ನ ತಕರಾರು ಇರುವುದೇ ಇಲ್ಲಿ. 2014ರಲ್ಲಿ ಅಮೆರಿಕದ ಎಸ್‌0500 ಎಂಬ ಟ್ರಯಲ್‌ನ ಫಲಿತಾಂಶ ಬಂತು. ಹರಡಿದ ಸ್ತನ ಕ್ಯಾನ್ಸರಿಗೆ ಕೀಮೋ ಶುರುವಾಗಿ ಮೂರು ವಾರವಾದರೂ ರಕ್ತದಲ್ಲಿನ ಗಡ್ಡೆ ಕೋಶಗಳು ಇಳಿಯದ 123 ಮಹಿಳೆಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ತಕ್ಷಣ ಔಷಧಿ ಬದಲಿಸಿದರು, ಇನ್ನೊಂದಕ್ಕೆ ಅದನ್ನೇ ಮುಂದುವರಿಸಿದರು. ಆಯುಸ್ಸಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಟೆಸ್ಟ್ ಸುಳ್ಳು ಹೇಳಿರಲಿಲ್ಲ, ಅವರ ಕಾಯಿಲೆ ನಿಜಕ್ಕೂ ಜೋರಾಗಿತ್ತು. ಬದಲಿಸಿ ಕೊಟ್ಟ ಕೀಮೋ ಕೂಡ ಅಷ್ಟಕ್ಕಷ್ಟೇ.

ಅದೇ ವರ್ಷ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಿಂದ ಬಂದ ಕೆಲಸ ನೋಡಿ. ಎಂಜಾಲುಟಮೈಡ್ ಅಥವಾ ಅಬಿರಾಟೆರೋನ್ ಎಂಬ ಮಾತ್ರೆ ಶುರು ಮಾಡುತ್ತಿದ್ದ 62 ಪ್ರೋಸ್ಟೇಟ್ ಕ್ಯಾನ್ಸರ್ ರೋಗಿಗಳು. ಅವರ ರಕ್ತದ ಗಡ್ಡೆ ಕೋಶಗಳಲ್ಲಿ ಎಆರ್-ವಿ7 ಎಂಬ ಆರ್‌ಎನ್‌ಎ ಇದೆಯಾ ಎಂದು ನೋಡಿದರು. 18 ಜನರಲ್ಲಿ ಇತ್ತು. ಆ 18ರಲ್ಲಿ ಒಬ್ಬರ ಪಿಎಸ್‌ಎ (ಪ್ರೋಸ್ಟೇಟ್ ಕ್ಯಾನ್ಸರಿನ ಏರಿಳಿತ ತೋರಿಸುವ ರಕ್ತದ ಪ್ರೋಟೀನ್) ಕೂಡ ಅರ್ಧಕ್ಕೆ ಇಳಿಯಲಿಲ್ಲ. ಇಲ್ಲದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಇಳಿಯಿತು. ಸಣ್ಣ ಅಧ್ಯಯನ, ಒಪ್ಪುತ್ತೇನೆ. ಆದರೆ ತಿಂಗಳು ತಿಂಗಳು ದುಡ್ಡು ಸುರಿದು ತರುವ ಮಾತ್ರೆ ನಾಟುತ್ತದೋ ಇಲ್ಲವೋ ಎಂಬ ಸುಳಿವು ಮೊದಲೇ ಸಿಕ್ಕಿದರೆ, ಕೀಮೋ ಕಡೆ ಹೋಗೋಣವಾ ಎಂದು ಡಾಕ್ಟರ ಹತ್ತಿರ ಮಾತಾಡಬಹುದು. ನನಗೆ ಎಣಿಕೆಗಿಂತ ಜೀನ್ ಮೇಲೆ ನಂಬಿಕೆ ಜಾಸ್ತಿ ಇರುವುದು ಇದಕ್ಕೇ. ಎಷ್ಟು ಕೋಶ ಅನ್ನುವುದು ಬರೀ ಹೆದರಿಸುತ್ತದೆ. ಎಂಥ ಕೋಶ ಅನ್ನುವುದು ಔಷಧಿ ಆರಿಸಲು ಬರುತ್ತದೆ.

ಹಾಗಾಗಿ ಮನೆಯಲ್ಲಿ ಯಾರಿಗಾದರೂ ಚಿಕಿತ್ಸೆ ನಡೆಯುತ್ತಿದ್ದು, ಇಂಥ ಟೆಸ್ಟ್ ಬರೆದುಕೊಟ್ಟರೆ ಸಂಕೋಚವಿಲ್ಲದೆ ಕೇಳಿ: 'ಪಾಸಿಟಿವ್ ಬಂದ್ರೆ ಔಷಧಿ ಬದಲಾಗುತ್ತಾ ಡಾಕ್ಟ್ರೇ? ನೆಗೆಟಿವ್ ಬಂದ್ರೆ?' ಎರಡಕ್ಕೂ ಉತ್ತರ ಒಂದೇ ಆದರೆ ಆ ದುಡ್ಡು ಮುಂದಿನ ಸ್ಕ್ಯಾನಿಗೆ ಇರಲಿ. ಏನೂ ಕಾಯಿಲೆ ಇಲ್ಲದೆ ಸುಮ್ನೆ ಚೆಕ್ ಮಾಡಿಸಬೇಕು ಅನ್ನುವವರಿಗೆ ಸರ್ಕಾರಿ ಯೋಜನೆಯೇ ಇದೆ. 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಅದರಲ್ಲಿ ಸೇರಿದೆ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಯಾವ ದಿನ ಮಾಡುತ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಕಡ್ಡಿಪುಡಿ, ಗುಟ್ಕಾ ಹಾಕುವವರಂತೂ ಮೊದಲು ಹೋಗಿ ಬಾಯಿ ತೋರಿಸಿಕೊಂಡು ಬನ್ನಿ.