ಚಿತ್ರಕ್ಕೂ ಮಾತಾಡಲು ಬಿಡಿ

ಇವತ್ತು ಉಡುಪಿಯಲ್ಲಿ ಮಕ್ಕಳ ಪುಸ್ತಕ ಹರಡಿದ್ದ ಮೇಜಿನ ಮುಂದೆ ನಿಂತು ನಿಜಕ್ಕೂ ಸಿಟ್ಟು ಬಂತು. ಮನೆಗೆ ಹೊಸ ಪಾಪು ಬರುವ ಕಥೆ. ಅಮ್ಮ ಪಾಪುವನ್ನು ತೊಟ್ಟಿಲಲ್ಲಿ ಮಲಗಿಸಿದಳು, ಅಣ್ಣನಿಗೆ ಬೇಜಾರಾಯಿತು ಅಂತ ಸಾಲು. ಮೇಲೆ ಚಿತ್ರ: ಅಮ್ಮ, ತೊಟ್ಟಿಲು, ಮುಖ ಜೋಲು ಹಾಕಿದ ಅಣ್ಣ. ಹೇಳಿದ್ದನ್ನೇ ಬಿಡಿಸಿಟ್ಟಿದ್ದಾರೆ!

ಮೂರು ವರ್ಷದ ಮಗು ಅಕ್ಷರ ಓದುವುದಿಲ್ಲ. ಅಜ್ಜಿಯೋ ಅಪ್ಪನೋ ಓದುವಾಗ ಅದರ ಕಿವಿ ಸಾಲಿನ ಮೇಲೆ, ಕಣ್ಣು ಚಿತ್ರದ ಮೇಲೆ. ಎರಡೂ ಒಂದನ್ನೇ ಹೇಳಿದರೆ ಮಗು ಹುಡುಕುವುದೇನನ್ನು? "ಅಮ್ಮ ಆಸ್ಪತ್ರೆಯಿಂದ ಬಂದರು" ಅಂತಷ್ಟೇ ಬರೆಯಿರಿ. ಚಿತ್ರದಲ್ಲಿ ಚಾವಡಿ ತುಂಬ ನೆಂಟರ ಬೆನ್ನು, ಬಾಗಿಲ ಸಂದಿಯಲ್ಲಿ ಅಣ್ಣ. ಪುಟ ತಿರುಗಿಸಿದರೆ ಬಚ್ಚಲಲ್ಲಿ ಅಜ್ಜಿ ಪಾಪುವನ್ನು ಮೀಯಿಸುತ್ತಿದ್ದಾರೆ, ಹಂಡೆಯ ನೀರು ಹಬೆಯಾಡುತ್ತಿದೆ. ಮೂಲೆಯಲ್ಲಿ ನಿಂತ ಅಣ್ಣನ ಅಂಗಿಯ ಗುಂಡಿ ತಪ್ಪಿದೆ, ದೊಡ್ಡವರು ಯಾರೂ ನೋಡಿಲ್ಲ. ಕೇಳುತ್ತಿರುವ ಮಗು ನೋಡುತ್ತದೆ, ಬೆರಳಿಡುತ್ತದೆ. ಬೇಜಾರು ಎಂಬ ಶಬ್ದವೇ ಬೇಡ.

"ಬಿಡಿಸಿ ಹೇಳದಿದ್ದರೆ ಮಕ್ಕಳಿಗೆ ಗೊತ್ತಾಗುವುದಿಲ್ಲ ಮಾರ್ರೆ" ಎನ್ನುವವರಿದ್ದಾರೆ. ಯಕ್ಷಗಾನ ನೋಡುವ ಮಗುವಿಗೆ ಭಾಗವತರ ಪದ ಎಷ್ಟು ಅರ್ಥವಾಗುತ್ತದೆ? ರಾಕ್ಷಸನ ಬಣ್ಣದ ವೇಷ ತೆರೆ ಸರಿಸುವ ಮೊದಲೇ ಅದು ಅಮ್ಮನ ಸೆರಗು ಹಿಡಿದಿರುತ್ತದೆ. ಕಿವಿಗೆ ಹಿತವಾಗಿ ಬರೆಯುವುದು ಕರಾವಳಿಗೆ ಹೊಸತಲ್ಲ, 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿ ಮಕ್ಕಳಿಗೆ ಪದ್ಯ ಬರೆದ ಪಂಜೆ ಮಂಗೇಶರಾಯರ ನಾಡಿದು. ಕಣ್ಣಿಗೆ ಕೆಲಸ ಬಿಟ್ಟುಕೊಡಲು ಮಾತ್ರ ಇಷ್ಟು ಹೆದರಿಕೆ ಯಾಕೆ?

ಜಾಗವಾದರೂ ಎಷ್ಟಿದೆ? ಚಿತ್ರಪುಸ್ತಕ ಸಾಮಾನ್ಯವಾಗಿ 32 ಪುಟ, ಅಂದರೆ 16 ಪುಟದ ಎರಡು ಫಾರಂ (ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿ ಮಡಚುವ ಪುಟಗಳ ಕಟ್ಟು). ಶೀರ್ಷಿಕೆ, ಮುದ್ರಣ ವಿವರ ಕಳೆದು ಕಥೆಗೆ ಉಳಿಯುವುದು 12ರಿಂದ 14 ಜೋಡಿಪುಟ. ಅಷ್ಟರಲ್ಲಿ ಒಂದೇ ಮಾತನ್ನು ಎರಡು ಸಲ ಹೇಳುವುದು ದುಂದು. 8 ಎ4 ಹಾಳೆಗಳನ್ನು ಒಟ್ಟಿಗೆ ನಡುವೆ ಮಡಚಿ ಪಿನ್ ಹೊಡೆದರೆ 32 ಪುಟದ ಡಮ್ಮಿ, ಅಂದರೆ ಅಚ್ಚಿಗೆ ಮೊದಲಿನ ಮಾದರಿ ಪುಸ್ತಕ, ಸಿದ್ಧ. ಕುತೂಹಲ ಬಲಪುಟದಲ್ಲಿ ಹುಟ್ಟಬೇಕು, ಉತ್ತರ ಪುಟ ತಿರುಗಿಸಿದ ಮೇಲೆ ಸಿಗಬೇಕು. ನಡುಮಡಿಕೆಯ ಮೇಲೆ ಯಾರ ಮುಖವನ್ನೂ ಇಡಬೇಡಿ, ಹೊಲಿಗೆ ನುಂಗಿಬಿಡುತ್ತದೆ. ಇಂಗ್ಲಿಷಿಗೆ ಅಳೆದ ಚೌಕದೊಳಗೆ ಕನ್ನಡ ತುರುಕಿದರೆ ಒತ್ತಕ್ಷರ ಹೋಗಿ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ಓದುವ ಅಜ್ಜಿಯೇ ತಡವರಿಸುತ್ತಾರೆ. ಸಾಲುಗಳ ನಡುವೆ ಧಾರಾಳ ಜಾಗ ಬಿಡಿ.

ಡಮ್ಮಿಯಲ್ಲಿ ಸಾಲುಗಳನ್ನು ಕೈಯಿಂದ ಮುಚ್ಚಿ ಚಿತ್ರ ನೋಡಿ. ಆಮೇಲೆ ಚಿತ್ರ ಮುಚ್ಚಿ ಸಾಲು ಓದಿ. ಎರಡು ಸಲವೂ ಕಥೆ ಪೂರ್ತಿಯಾಗಿ ತಿಳಿದರೆ ಪೆನ್ಸಿಲ್ ತೆಗೆದುಕೊಳ್ಳಿ. ಸಾಲಿನಲ್ಲಿ ಅಂಗಿಯ ಬಣ್ಣ ಹೇಳಿದ್ದರೆ ಮೊದಲು ಅದನ್ನು ಗೀಟು ಹಾಕಿ ತೆಗೆಯಿರಿ, ಆಮೇಲೆ "ಖುಷಿಯಾಯಿತು", "ಬೇಜಾರಾಯಿತು".