ನೂರ್, ಅಜೀಜ್, ಮೊಯಿನ್: ಇವರು ನಮ್ಮವರೂ ಹೌದು

2021ರ ಆಗಸ್ಟ್ 22ರಂದು ನಮ್ಮ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಎಸ್.ಎಸ್. ಹಕೀಂ ತೀರಿಕೊಂಡರು. ಅವರಿಗೆ 82 ವರ್ಷ. 1960ರ ರೋಮ್ ಒಲಿಂಪಿಕ್ಸ್‌ಗೆ ಹೋದ ಭಾರತ ಫುಟ್ಬಾಲ್ ತಂಡದಲ್ಲಿದ್ದವರು. ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆಗಿದ್ದವರು. ಮುಂದೆ ಫಿಫಾ ರೆಫರಿ ಆದರು, ಕೋಚ್ ಆದರು. ಎಲ್ಲಕ್ಕಿಂತ ಹೆಚ್ಚಾಗಿ, ಅವರು ಹೈದರಾಬಾದ್ ಪೊಲೀಸ್ ಫುಟ್ಬಾಲ್ ತಂಡ ಕಟ್ಟಿದ ಕೋಚ್ ರಹೀಂ ಸಾಹೇಬರ ಮಗ.

ಈ ವಿಷಯ ನಮ್ಮೂರಿನಲ್ಲಿ ನಾನು ಕೇಳಿದ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದವರೆಲ್ಲ ಹಳಬರು. ಹೈದರಾಬಾದ್ ಪೊಲೀಸ್ ತಂಡದ ಹೆಸರೆತ್ತಿದರೆ ಸಾಕು, ಈಗಲೂ ಕುರ್ಚಿ ಮುಂದೆ ಎಳೆದುಕೊಂಡು ಕೂರುವವರು.

ನಮ್ಮ ಮುತ್ಯಾ ಅಂಥವರಲ್ಲಿ ಒಬ್ಬರು. ಅವರ ಗೆಳೆಯರು ಸಂಜೆ ಚಾ ಕುಡಿಯಲು ಸೇರಿದರೆ ಮಾತು ಮಳೆ, ತೊಗರಿ ರೇಟು ಎಲ್ಲ ಸುತ್ತಿ ಕೊನೆಗೆ ಫುಟ್ಬಾಲಿಗೇ ಬರುತ್ತಿತ್ತು. ಅವರು ಓದಿದ್ದು ಉರ್ದು ಮೀಡಿಯಂನಲ್ಲಿ. ಹೈದರಾಬಾದಿನಿಂದ ಬರುವ ಉರ್ದು ಪತ್ರಿಕೆಯಲ್ಲಿ ಪಂದ್ಯದ ಸುದ್ದಿ ಓದುವುದು, ಓದಲು ಬರದವರಿಗೆ ಹೇಳುವುದು. ಹೀಗೆ ಕೇಳಿ ಕೇಳಿಯೇ ಆಟಗಾರರು ಅವರಿಗೆ ಮನೆಯವರ ಥರ ಆಗಿಬಿಟ್ಟಿದ್ದರು. "ನೂರ್ ಇದ್ದಾನಂದ್ರ ಆ ಕಡಿಂದ ಒಬ್ಬವ್ನೂ ದಾಟಿ ಬರ್ತಿದ್ದಿಲ್ಲ ನೋಡು" ಅಂತ ಒಬ್ಬರು. "ನೂರ್ ಖರೇನ. ಆದ್ರ ಹಿಂದ ಅಜೀಜ್ ಇದ್ದ ಅಂತ ನೂರ್‌ಗ ಧೈರ್ಯ" ಅಂತ ಇನ್ನೊಬ್ಬರು. ಈ ಜಗಳ ಯಾವತ್ತೂ ಮುಗಿಯುತ್ತಿರಲಿಲ್ಲ.

ಆ ತಂಡ ಎಂಥದ್ದು ಅಂತ ಈಗಿನ ಹುಡುಗರಿಗೆ ಹೇಳಲೇಬೇಕು. ಆಗ ಬಾಂಬೆಯ ರೋವರ್ಸ್ ಕಪ್ ಅಂದರೆ ದೇಶದ ದೊಡ್ಡ ಟೂರ್ನಿಗಳಲ್ಲಿ ಒಂದು. ಹೈದರಾಬಾದ್ ಪೊಲೀಸ್ ಅದನ್ನು 1950ರಿಂದ 1954ರವರೆಗೆ ಪ್ರತಿ ವರ್ಷ ಗೆದ್ದಿತು. ಐದಕ್ಕೆ ಐದು. 1950ರಲ್ಲಿ ಡುರಾಂಡ್ ಕಪ್ ಕೂಡ ಇವರದೇ. ಫೈನಲ್ಲಿನಲ್ಲಿ ಸೋತದ್ದು ಮೋಹನ್ ಬಗಾನ್. ಕಲ್ಕತ್ತಾದ ದೊಡ್ಡ ಕ್ಲಬ್ಬುಗಳ ಎದುರು ಪೊಲೀಸ್ ಇಲಾಖೆಯ ತಂಡವೊಂದು ಹೀಗೆ ಎದೆಯುಬ್ಬಿಸಿ ನಿಂತಿತ್ತು.

ಹೈದರಾಬಾದಿನಿಂದ ಬಾಂಬೆಗೆ ಹೋಗುವ ರೈಲು ಹಳಿ ವಾಡಿ, ಗುಲ್ಬರ್ಗಾ ದಾಟಿಯೇ ಹೋಗುವುದು. ಕಪ್ ನಮ್ಮ ಸ್ಟೇಷನ್ ಮುಂದೆಯೇ ಊರಿಗೆ ಹೋಗುತ್ತದೆ ಅನ್ನುವುದು ಮುತ್ಯಾನ ದೊಡ್ಡ ಹೆಮ್ಮೆ.

ರಹೀಂ ಸಾಹೇಬರ ಬಗ್ಗೆ ಈಗ ಜನರಿಗೆ ಸ್ವಲ್ಪ ಗೊತ್ತಾಗಿದೆ, ಸಂತೋಷ. ಶಾಲಾ ಮಾಸ್ತರರಾಗಿದ್ದ ಸೈಯದ್ ಅಬ್ದುಲ್ ರಹೀಂ 1943ರಿಂದ ಈ ಪೊಲೀಸ್ ತಂಡವನ್ನು ಕಟ್ಟಿದರು. ಭಾರತ ತಂಡದ ಕೋಚ್ ಆಗಿ 1951ರಲ್ಲಿ ದೆಹಲಿಯಲ್ಲೂ 1962ರಲ್ಲಿ ಜಕಾರ್ತಾದಲ್ಲೂ ಏಷ್ಯನ್ ಗೇಮ್ಸ್ ಚಿನ್ನ ತಂದರು. ಎಡಗಾಲು ಬರದವನಿಗೆ ಎಡಗಾಲಲ್ಲೇ ಆಡಿಸುವ, ಡ್ರಿಬಲ್ ಮಾಡುವುದೇ (ಬಾಲನ್ನು ಕಾಲಲ್ಲೇ ಆಡಿಸುತ್ತ ಒಯ್ಯುವುದೇ) ಬೇಡ ಅನ್ನುವ ಟೂರ್ನಿಗಳನ್ನು ನಡೆಸಿ ಹುಡುಗರನ್ನು ತಯಾರು ಮಾಡಿದರು. 1963ರ ಜೂನ್‌ನಲ್ಲಿ ಕ್ಯಾನ್ಸರ್‌ನಿಂದ ಹೋದರು. ಅವರನ್ನು ಎಷ್ಟು ಹೊಗಳಿದರೂ ಕಡಿಮೆಯೇ.

ಆದರೆ ನನ್ನ ಸಂಕಟ ಬೇರೆ. ಕೋಚ್ ಹೆಸರು ಉಳಿಯಿತು, ಆಡಿದವರ ಹೆಸರು ಎಲ್ಲಿ ಹೋಯಿತು? ರಹೀಂ ಸಾಹೇಬರು ಹೇಳಿಕೊಟ್ಟರು ನಿಜ, ಮೈದಾನದಲ್ಲಿ ಓಡಿದ್ದು ಯಾರು?

ನೂರ್ ಮೊಹಮ್ಮದ್ ಒಬ್ಬರನ್ನೇ ತೆಗೆದುಕೊಳ್ಳಿ. 1951ರ ಚಿನ್ನ ಗೆದ್ದ ತಂಡದಲ್ಲಿದ್ದರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿ ಯುಗೊಸ್ಲಾವಿಯಾ ಎದುರು 10-1ರಿಂದ ಸೋತರಲ್ಲ, ಆ ತಂಡದಲ್ಲೂ ಇದ್ದರು. ಮತ್ತೆ ನಾಲ್ಕು ವರ್ಷಕ್ಕೆ ಮೆಲ್ಬರ್ನ್‌ಗೆ ಹೋದರು. ಅಲ್ಲಿ ಭಾರತ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ಒಲಿಂಪಿಕ್ಸ್ ಸೆಮಿಫೈನಲ್ ಸೇರಿತು. ಏಷ್ಯಾದ ಯಾವ ತಂಡವೂ ಅಲ್ಲಿವರೆಗೆ ಅಷ್ಟು ದೂರ ಹೋಗಿರಲಿಲ್ಲ. ಮೆಲ್ಬರ್ನ್ ಅಂದರೆ ನೆವಿಲ್ ಡಿಸೋಜಾ ಅವರ ಹ್ಯಾಟ್ರಿಕ್ ಮಾತ್ರ ಎಲ್ಲರಿಗೂ ನೆನಪು. ಅದು ನ್ಯಾಯವೇ, ಮೂರು ಗೋಲು ಸಣ್ಣ ಮಾತಲ್ಲ. ಆದರೆ ಗೋಲು ಹೊಡೆದವರನ್ನಷ್ಟೇ ನೆನಪಿಟ್ಟುಕೊಂಡು, ಬಾಲ್ ಕಸಿದು ಮುಂದೆ ಕೊಟ್ಟ ಹಾಫ್ ಬ್ಯಾಕ್‌ಗಳನ್ನು ಮರೆಯುವುದು ಯಾವ ಅಭಿಮಾನ? ಹಳಬರ ಹತ್ತಿರ ನನಗೆ ಇಷ್ಟವಾಗಿದ್ದು ಇದೇ. ಅವರು ಮಾತಾಡುತ್ತಿದ್ದದ್ದು ಜಾಸ್ತಿ ಹಿಂದೆ ನಿಂತು ಗೋಲು ಕಾಯುವ ಫುಲ್ ಬ್ಯಾಕ್, ಅವರ ಮುಂದೆ ಆಡುವ ಹಾಫ್ ಬ್ಯಾಕ್‌ಗಳ ಬಗ್ಗೆ. ಅಜೀಜುದ್ದೀನ್, ಲತೀಫ್, ಸಲಾಂ. ಇವರೂ ಮೆಲ್ಬರ್ನ್‌ಗೆ ಹೋದವರೇ.

ಫಾರ್ವರ್ಡ್‌ಗಳಲ್ಲಿ ಅವರಿಗೆ ಮೊಯಿನ್, ಲಾಯಿಕ್, ಸೂಸೈ ಅಂದರೆ ಜೀವ. ತುಳಸಿದಾಸ್ ಬಲರಾಮ್ ಅವರನ್ನೂ ಬಿಡುತ್ತಿರಲಿಲ್ಲ. ಸಿಕಂದರಾಬಾದಿನ ಬಡ ಮನೆಯ ಹುಡುಗ. ಪ್ರಾಕ್ಟೀಸಿಗೆ ಬರಲು ಬಸ್ಸಿಗೂ ದುಡ್ಡಿಲ್ಲ ಅಂದಾಗ ರಹೀಂ ಸಾಹೇಬರು ಸೈಕಲ್ ಬಾಡಿಗೆಗೆ ಕಾಸು ಕೊಟ್ಟು ಕರೆಸಿಕೊಂಡರಂತೆ. ಆ ಹುಡುಗ ರೋಮ್‌ನಲ್ಲಿ ಹಂಗೇರಿ ಮೇಲೂ ಪೆರು ಮೇಲೂ ಗೋಲು ಹೊಡೆದ. ಕಾಯಿಲೆ ಬಂದು 27ರ ಆಸುಪಾಸಿಗೇ ಆಟ ನಿಂತಿತು. ಕೊನೆತನಕ ಬಂಗಾಳದ ಉತ್ತರಪಾರಾದಲ್ಲಿ ಇದ್ದು 2023ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರಿಗೆ ಪದ್ಮಶ್ರೀ ಕೂಡ ಬರಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ.

ಕೆಲವರು ಕೇಳಬಹುದು, ಹೈದರಾಬಾದಿನ ತಂಡ ನಮ್ಮದು ಹೇಗಾಯಿತು ಅಂತ. 1956ರ ನವೆಂಬರ್ 1ರವರೆಗೆ ಗುಲ್ಬರ್ಗಾ, ಬೀದರ್, ರಾಯಚೂರು ಹೈದರಾಬಾದ್ ರಾಜ್ಯದ ಜಿಲ್ಲೆಗಳೇ ಆಗಿದ್ದವು. ಯಾದಗಿರಿ ಆಗ ಗುಲ್ಬರ್ಗಾದೊಳಗೇ ಇತ್ತು. ಆ ಐದು ರೋವರ್ಸ್ ಕಪ್ ಬಂದಾಗ ನಾವೆಲ್ಲ ಅದೇ ರಾಜ್ಯದವರು. ನಮ್ಮ ರಾಜ್ಯದ ತಂಡವೇ ಗೆದ್ದಿದ್ದು. ನವೆಂಬರ್ 1ಕ್ಕೆ ಕನ್ನಡದ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು, ಆ ತಂಡ ಮುಂದೆ ಆಂಧ್ರ ಪೊಲೀಸ್ ಆಯಿತು. ಕರ್ನಾಟಕದ ಫುಟ್ಬಾಲ್ ಕಥೆ ಹೇಳುವವರು ಬೆಂಗಳೂರಿನ ಅಹ್ಮದ್ ಖಾನ್, ರಾಮನ್ ಅಂತ ಶುರು ಮಾಡುತ್ತಾರೆ. ತಪ್ಪಿಲ್ಲ. ಹೈದರಾಬಾದಿನವರು ತಮ್ಮ ಕಥೆ ಹೇಳುವಾಗ ನಮ್ಮ ಜಿಲ್ಲೆಗಳ ಹೆಸರು ಬರುವುದಿಲ್ಲ. ನಡುವೆ ಉಳಿದವರು ನಾವು.

ನಿಜಾಮನ ಕಾಲದ್ದು ಏನನ್ನೂ ನೆನೆಯಬಾರದು ಅನ್ನುವವರೂ ಇದ್ದಾರೆ. ಅವರ ನೋವು ನನಗೆ ಅರ್ಥವಾಗುತ್ತದೆ. ರಜಾಕಾರರ ಹಾವಳಿ ಕಂಡ ಮನೆಗಳು ನಮ್ಮ ಹಳ್ಳಿಗಳಲ್ಲಿ ಈಗಲೂ ಇವೆ, ನಮ್ಮದೂ ಅಂಥದ್ದೇ ಮನೆ. ಆದರೆ ಲೆಕ್ಕ ನೋಡಿ. 1948ರ ಸೆಪ್ಟೆಂಬರ್‌ನಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು. ಐದೂ ರೋವರ್ಸ್ ಕಪ್ ಬಂದದ್ದು ಅದಾದ ಮೇಲೆ, ಸ್ವತಂತ್ರ ಭಾರತದಲ್ಲಿ. ನೂರ್, ಅಜೀಜ್ ಎದೆಯ ಮೇಲೆ ಭಾರತದ ಹೆಸರು ಹೊತ್ತು ಆಡಿದವರು. ಮೊಯಿನ್ ಪಕ್ಕದಲ್ಲಿ ಸೂಸೈ ಆಡುತ್ತಿದ್ದರು. ಕಹಿಯಾದ ಆ ವರ್ಷಗಳ ಬೆನ್ನಿಗೇ ಊರಿನ ಎಲ್ಲರೂ ಒಟ್ಟಿಗೆ ಖುಷಿಪಟ್ಟ ತಂಡ ಅದು. ಮುತ್ಯಾನ ಚಾ ಗುಂಪಿನಲ್ಲಿ ಲಿಂಗಾಯತರಿದ್ದರು, ಸಾಬರಿದ್ದರು, ಬ್ರಾಹ್ಮಣರೂ ಒಬ್ಬರಿದ್ದರು. ಜಗಳ ಮಾತ್ರ ನೂರ್ ದೊಡ್ಡವನಾ, ಅಜೀಜ್ ದೊಡ್ಡವನಾ ಅಂತ.

ನನ್ನದೊಂದು ಕೇಳಿಕೆ ಇದೆ. ಹಕೀಂ ಕಣ್ಮುಚ್ಚಿದ ಊರು ಇದು. ಜಿಲ್ಲಾ ಕ್ರೀಡಾಂಗಣದಲ್ಲಿ ಅವರ ಮತ್ತು ಅವರ ತಂದೆಯ ಹೆಸರಿನಲ್ಲಿ ಹುಡುಗರಿಗೊಂದು ಟೂರ್ನಿ ನಡೆಯಲಿ. ಕಪ್ಪಿನ ಜೊತೆಗೆ ಒಳ್ಳೆ ಹಾಫ್ ಬ್ಯಾಕ್‌ಗೆ ನೂರ್ ಮೊಹಮ್ಮದ್ ಹೆಸರಲ್ಲಿ ಬಹುಮಾನ, ಒಳ್ಳೆ ಫುಲ್ ಬ್ಯಾಕ್‌ಗೆ ಅಜೀಜುದ್ದೀನ್ ಹೆಸರಲ್ಲಿ. ದೊಡ್ಡ ಖರ್ಚಿನ ಕೆಲಸ ಅಲ್ಲ, ಅಲ್ವಾ? ನಾಲ್ಕು ಜನ ಮುಂದೆ ಬಂದರೆ ನಾನೂ ಓಡಾಡಲು ತಯಾರು.

ಅದಕ್ಕೂ ಮೊದಲು ಇನ್ನೊಂದು. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಎಂಬತ್ತು ದಾಟಿದ ಕಾಕಾ, ಚಾಚಾ ಯಾರಾದರೂ ಇದ್ದರೆ ಹತ್ತಿರ ಕೂತು ಕೇಳಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಬೀದರಿನಲ್ಲಿ, ಶಹಾಬಾದಿನಲ್ಲಿ, ಯಾದಗಿರಿಯಲ್ಲಿ ಆ ತಂಡದ ಹುಚ್ಚು ಹಿಡಿದಿದ್ದವರು ಖಂಡಿತ ಇದ್ದಾರೆ. ಹಳೆ ಫೋಟೋ, ಉರ್ದು ಪೇಪರಿನ ತುಣುಕು ಏನಿದ್ದರೂ ಕಳಿಸಿ. ಉರ್ದು ಓದಿ ಹೇಳುವವರು ನನ್ನ ಹತ್ತಿರ ಇದ್ದಾರೆ. ಮತ್ತೆ ನೂರಾ, ಅಜೀಜಾ ಅಂತ ಅವರನ್ನೂ ಒಂದು ಸಲ ಕೇಳಿ ಬರೆಯಿರಿ. ನಾನು ಮುತ್ಯಾನ ಕಡೆ, ನನ್ನ ಓಟು ನೂರ್‌ಗೆ.