ಲೊಚಗುಟ್ಟಿದ್ದು ಹಲ್ಲಿಯೋ, ಸ್ಪೀಕರೋ?

ನಮ್ಮ ಮನೆ ಹಾಲ್‌ನಲ್ಲಿ, ಟಿವಿ ಪಕ್ಕ, ಒಂದು ಡಬ್ಬಿ ಕೂತಿದೆ. ಚಟ್ನಿಪುಡಿ ಡಬ್ಬಿಗಿಂತ ಒಂದು ಸುತ್ತು ದಪ್ಪ. ಸ್ಮಾರ್ಟ್ ಸ್ಪೀಕರ್ ಅಂತ ಹೆಸರು. ಹೆಸರು ಹಿಡಿದು ಕರೆದರೆ ಎದ್ದು, ಹೇಳಿದ ಹಾಡು ಹಾಕುತ್ತೆ, ಬಲ್ಬು ಹಚ್ಚುತ್ತೆ. ಯಾವ ಕಂಪನಿಯದು ಅಂತ ಹೇಳಲ್ಲ. ಕಂಪನಿ ಮೇಲಿನ ಮರ್ಯಾದೆಗಲ್ಲ. ನಾನು ಹೆಸರು ಬರೆದು, ನೀವು ಅದನ್ನು ಜೋರಾಗಿ ಓದಿ, ನಿಮ್ಮ ಮನೆ ಡಬ್ಬಿ ಎದ್ದು ಕೂತರೆ ಆ ಪಾಪ ನನಗ್ಯಾಕೆ? ಮುಂದೆ ಊರವರ ಕಥೆ ಹೇಳುವಾಗ ಒಂದೆರಡು ಹೆಸರು ಬರುತ್ತವೆ. ಅಲ್ಲಿ ಮನಸ್ಸಿನಲ್ಲೇ ಓದಿಕೊಳ್ಳಿ.

ಮೂರು ತಿಂಗಳ ಹಿಂದೆ ಒಂದು ರಾತ್ರಿ ಊಟಕ್ಕೆ ಕೂತಿದ್ದೆವು. ಅಮ್ಮ ತನ್ನ ತಮ್ಮನ ಸೈಟಿನ ಕೇಸಿನ ಬಗ್ಗೆ ಮಾತಾಡುತ್ತಿದ್ದಳು. "ಆ ಸೈಟು ಅವನ ಕೈಗೆ ಬರಲ್ಲ ಬಿಡು" ಅಂದಳು. ಟಿವಿ ಕಡೆಯಿಂದ 'ಲೊಚ್' ಅಂತ ಸದ್ದು ಬಂತು. ಅಮ್ಮ ಬೆರಳಿಂದ ಮೇಜು ಕುಟ್ಟಿ, "ಕೃಷ್ಣ ಕೃಷ್ಣ. ನೋಡಿದ್ಯಾ, ಹಲ್ಲಿನೂ ಹೌದು ಅಂತು" ಅಂದಳು.

ನಾನು ಗೋಡೆ ನೋಡಿದೆ. ಹಲ್ಲಿ ಇರಲಿಲ್ಲ. ಡಬ್ಬಿಯ ನೆತ್ತಿ ಮೇಲಿನ ದೀಪ ಮಾತ್ರ ಒಮ್ಮೆ ಮಿಂಚಿ ಆರಿತು.

ಅಲ್ಲಿಂದ ಶುರುವಾಯಿತು. ದಿನಕ್ಕೆ ಹತ್ತು ಹನ್ನೆರಡು ಸಲ ಲೊಚ್ ಅನ್ನುತ್ತಿತ್ತು. ಹಾಡು ನಡೆಯುತ್ತಿದ್ದರೆ ಅರ್ಧಕ್ಕೆ ನಿಲ್ಲಿಸಿ, ಅರ್ಧ ನಿಮಿಷ ಮೂರ್ಛೆ ಹೋಗಿ, ಆಮೇಲೆ 'ಟೊಂಯ್' ಅಂತ ಏಳುತ್ತಿತ್ತು. ಅಮ್ಮನಿಗೆ ಮಾತ್ರ ಹಬ್ಬ. ಅವಳು ಬಾಯಿ ಬಿಟ್ಟಾಗಲೆಲ್ಲ ಸಾಕ್ಷಿ ಸಿಗುತ್ತಿತ್ತು. ಸೊಸೆ ಸಾರಿಗೆ ಹುಳಿ ಜಾಸ್ತಿ ಹಾಕಿದ್ದಾಳೆ, ಲೊಚ್. ಮೊಮ್ಮಗ ಓದ್ತಾ ಇಲ್ಲ, ಲೊಚ್. ನನ್ನ ಹೆಂಡತಿ ಎರಡು ದಿನ ಸಹಿಸಿಕೊಂಡಳು. ಮೂರನೇ ದಿನ, "ಇದನ್ನು ರಿಪೇರಿ ಮಾಡಿಸ್ತೀರೋ, ಕಿಟಕಿಯಿಂದ ಎಸೀಲೋ?" ಅಂತ ಕೇಳಿದಳು.

ರಿಪೇರಿ ಅನ್ನುವ ಪದ ಇವುಗಳಿಗೆ ಇಲ್ಲ ಅಂತ ಆಗ ಗೊತ್ತಾಯಿತು. ಇರುವುದು ಟ್ರಬಲ್‌ಶೂಟಿಂಗ್. ಡಬ್ಬಿ ಜೊತೆ ಬಂದ ಪುಸ್ತಕ ತೆಗೆದೆ. ಪಂಚಾಂಗದ ಕೊನೆಯಲ್ಲಿ ಹಲ್ಲಿ ಬಿದ್ದ ಫಲ ಅಂತ ಒಂದು ಪುಟ ಇರುತ್ತಲ್ಲ, ಥೇಟ್ ಹಾಗೇ ಇತ್ತು. ಪಂಚಾಂಗದಲ್ಲಿ ಎಡಭುಜಕ್ಕೆ ಒಂದು ಫಲ, ಬಲಭುಜಕ್ಕೆ ಇನ್ನೊಂದು. ಇಲ್ಲಿ ದೀಪ ಹಳದಿ ಮಿಡಿದರೆ ಒಂದು ಫಲ, ಕಿತ್ತಳೆ ಬಣ್ಣದಲ್ಲಿ ಸುತ್ತಿದರೆ ಒಂದು ಫಲ, ಕೆಂಪಗೆ ನಿಂತರೆ ಇನ್ನೊಂದು. ಫಲ ಏನೇ ಇರಲಿ, ಪರಿಹಾರ ಒಂದೇ. ಅಲ್ಲಿ ಕಂಚಿಯ ಬಂಗಾರದ ಹಲ್ಲಿ ಮುಟ್ಟಿ ಬಂದವರನ್ನು ಮುಟ್ಟಬೇಕು. ಇಲ್ಲಿ ಪ್ಲಗ್ ಕಿತ್ತು 30 ಸೆಕೆಂಡ್ ಬಿಟ್ಟು ಹಾಕಬೇಕು.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದಾಗಲೂ ಇದೇ ಮಂತ್ರ. "ಸರ್, ಪ್ಲಗ್ ತೆಗೆದು 30 ಸೆಕೆಂಡ್ ವೇಟ್ ಮಾಡಿ."

"ಮಾಡಿದೆ."

"ಪೂರ್ತಿ 30 ಮಾಡಿದ್ರಾ ಸರ್?"

ಇದಕ್ಕೆ ಏನು ಉತ್ತರ ಕೊಡುತ್ತೀರಿ? ಗಾಯತ್ರಿ ಜಪ ತಪ್ಪು ಎಣಿಸಿದ ವಟುವಿನ ಹಾಗೆ ನಾನು ತಡವರಿಸಿದೆ. ಕಾರಣ ಇಲ್ಲದೆ ಇಲ್ಲ ಬಿಡಿ. ಒಳಗಿನ ಕೆಪಾಸಿಟರ್‌ಗಳಲ್ಲಿ ಉಳಿದ ಚಾರ್ಜ್ ಇಳಿದರೆ ಎಲೆಕ್ಟ್ರಾನಿಕ್ ಸಾಮಾನು ಹಳೇದೆಲ್ಲ ಮರೆತು ಹೊಸದಾಗಿ ಏಳುತ್ತೆ. ಆದರೆ ನಮ್ಮ ಡಬ್ಬಿ ತಾನೇ ದಿನಕ್ಕೆ ಹತ್ತು ಸಲ ಮರೆತು ಏಳುತ್ತಿದೆ, ಅದೇ ತೊಂದರೆ ಅಂತ ಹೇಳಲು ಹೋದೆ. "ಅರ್ಥ ಆಯ್ತು ಸರ್" ಅಂದ. ಅರ್ಥ ಆಗಿರಲಿಲ್ಲ. "ಈಗ ಫ್ಯಾಕ್ಟರಿ ರೀಸೆಟ್ ಮಾಡೋಣ" ಅಂದ.

ಫ್ಯಾಕ್ಟರಿ ರೀಸೆಟ್ ಅಂದರೆ ಡಬ್ಬಿಗೆ ಪುನರ್ಜನ್ಮ. ಮತ್ತೆ ವೈಫೈ ಪಾಸ್‌ವರ್ಡ್ ಕೊಡಬೇಕು. ಇದು ದೇವರಮನೆ ಬಲ್ಬು, ಇದು ಅಡುಗೆಮನೆ ಬಲ್ಬು ಅಂತ ಹೊಸ ಸೊಸೆಗೆ ಮನೆ ತೋರಿಸಿದ ಹಾಗೆ ತೋರಿಸಬೇಕು. ಒಂದು ಗಂಟೆ ಹಿಡಿಯಿತು. ಮುಗಿಸಿ ಫೋನ್ ಕೆಳಗಿಡುವಷ್ಟರಲ್ಲಿ ಲೊಚ್.

"ಸರ್, ಮನೆಯಲ್ಲಿ ಮೈಕ್ರೋವೇವ್ ಇದ್ಯಾ?"

"ಇದೆ."

"ಗೋಡೆ ಇದ್ಯಾ ಸರ್?"

"ಮನೆ ಅಲ್ವೇನಪ್ಪಾ, ಗೋಡೆ ಇದೆ."

"ಹಾಗಿದ್ರೆ ಅದೇ ಪ್ರಾಬ್ಲಮ್ ಇರಬಹುದು ಸರ್."

ಹುಡುಗ ಹೇಳಿದ್ದು ಪೂರ್ತಿ ಸುಳ್ಳಲ್ಲ. ಮೈಕ್ರೋವೇವ್ ಓವನ್, ಬ್ಲೂಟೂತ್, ಹಳೇ ಮಾದರಿ ವೈಫೈ ಎಲ್ಲವೂ 2.4 ಗಿಗಾಹರ್ಟ್ಸ್ ಎಂಬ ಒಂದೇ ಓಣಿಯಲ್ಲಿ ಓಡಾಡುತ್ತವೆ. ಆ ಓಣಿಯಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಮೂರೇ: 1, 6 ಮತ್ತು 11. ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಫೋನ್ ತೆಗೆದು ನೋಡಿದರೆ ಇಪ್ಪತ್ತೇಳು ವೈಫೈ ಕಾಣಿಸುತ್ತವೆ. ಇಪ್ಪತ್ತೇಳು ಮನೆ, ಮೂರು ನಲ್ಲಿ. ಬೆಳಿಗ್ಗೆ ಜಗಳ ಆಗದೆ ಇರುತ್ತಾ? ಹಾಡು ತೊದಲುತ್ತೆ, ನಿಲ್ಲುತ್ತೆ. ಆದರೆ ಅದಕ್ಕೆ ಲೊಚ್ ಅಂತ ಸದ್ದು ಯಾಕೆ ಬರಬೇಕು ಅಂತ ಕೇಳಿದೆ. "ಸರ್, ಆ ಸದ್ದನ್ನು ಫೋನಲ್ಲಿ ರೆಕಾರ್ಡ್ ಮಾಡಿ ಕಳಿಸಿ" ಅಂದ.

ಅಲ್ರೀ, ಮನೆಯಲ್ಲಿ ಯಾರು ಉಸಿರೆತ್ತಿದರೂ ಕೇಳಿಸಿಕೊಳ್ಳಲಿ ಅಂತಾನೇ ಅದಕ್ಕೆ ಅಷ್ಟೊಂದು ಮೈಕ್ ಇಟ್ಟಿದ್ದಾರೆ. ಅದಕ್ಕೆ ತನ್ನ ಹೊಟ್ಟೆಯ ಸದ್ದೇ ಕೇಳಲ್ಲ!

ಇಂಟರ್ನೆಟ್ ಹುಡುಗನನ್ನು ಕರೆಸಿದೆ. ರೂಟರ್ ಮೇಲೆ ಕೈಯಿಟ್ಟು, ಜ್ವರ ನೋಡಿದ ಹಾಗೆ ನೋಡಿ, "ಅಣ್ಣಾ, ಲೈನ್ ಸೂಪರ್ ಆಗಿದೆ. ನಿಮ್ಮ ಡಿವೈಸೇ ಪ್ರಾಬ್ಲಮ್ಮು" ಅಂದು ಹೋದ. ಕಸ್ಟಮರ್ ಕೇರ್‌ನವನು ಡಿವೈಸ್ ಸರಿಯಿದೆ, ನೆಟ್‌ವರ್ಕೇ ಪ್ರಾಬ್ಲಮ್ ಅಂದ. ಆಸ್ತಿ ಪಾಲಾಗುವಾಗ ವಯಸ್ಸಾದ ಅಪ್ಪನನ್ನು ಅಣ್ಣ ತಮ್ಮನ ಕಡೆ, ತಮ್ಮ ಅಣ್ಣನ ಕಡೆ ತಳ್ಳಿದ ಹಾಗೆ ನನ್ನ ಲೊಚ್ ಮಧ್ಯದಲ್ಲಿ ನಿಂತಿತು.

ಊರಿಗೆಲ್ಲ ಇದೇ ಕಥೆ ಅನ್ನುವುದೊಂದೇ ಸಮಾಧಾನ. 2018ರ ಮಾರ್ಚ್‌ನಲ್ಲಿ ಅಮೆರಿಕದ ಮನೆಗಳಲ್ಲಿ, ಅಮೆಜಾನ್ ಕಂಪನಿಯ ಡಬ್ಬಿಗಳೊಳಗೆ ಮಾತಾಡುವ ಅಲೆಕ್ಸಾ ಇದ್ದಕ್ಕಿದ್ದಂತೆ ನಗಲು ಶುರು ಮಾಡಿತು. ಯಾರೂ ಏನೂ ಕೇಳಿರಲಿಲ್ಲ. ಕತ್ತಲಲ್ಲಿ ಮಲಗಿದ್ದಾಗ ಮೂಲೆಯಿಂದ ಹೆಣ್ಣಿನ ನಗು. ನಮ್ಮಲ್ಲಾಗಿದ್ದರೆ ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಬಿದ್ದಿರುತ್ತಿತ್ತು. ಅಮೆಜಾನ್ ಕೊಟ್ಟ ಕಾರಣ ಏನು ಗೊತ್ತಾ? 'ಅಲೆಕ್ಸಾ, ಲಾಫ್' ಅಂತ ಅದು ತಪ್ಪಾಗಿ ಕೇಳಿಸಿಕೊಂಡಿರಬಹುದು ಅಂತ. ಆಜ್ಞೆಯನ್ನು 'ಅಲೆಕ್ಸಾ, ಕ್ಯಾನ್ ಯೂ ಲಾಫ್?' ಅಂತ ಬದಲಿಸಿದರು. ಜೊತೆಗೆ, ನಗುವ ಮುಂಚೆ 'ಖಂಡಿತ, ನನಗೆ ನಗಲು ಬರುತ್ತೆ' ಅಂತ ಹೇಳಿ ಆಮೇಲೆ ನಗುವ ಹಾಗೆ ಮಾಡಿದರು. ಮೋಹಿನಿ ಕಾಟ ನಿಲ್ಲಿಸಿ ಅಂದರೆ, ಮೋಹಿನಿ ಇನ್ನು ಮುಂದೆ ನೋಟಿಸ್ ಕೊಟ್ಟು ಬರುತ್ತಾಳೆ ಅಂದ ಹಾಗಾಯಿತು.

ಅದರ ಹಿಂದಿನ ವರ್ಷ ಇನ್ನೂ ಚೆನ್ನಾಗಿತ್ತು. ಟೆಕ್ಸಸ್‌ನ ಡಲ್ಲಾಸ್‌ನಲ್ಲಿ ಒಂದು ಪುಟ್ಟ ಹುಡುಗಿ ಅಲೆಕ್ಸಾಗೆ ಹೇಳಿ ಗೊಂಬೆಮನೆ ತರಿಸಿಕೊಂಡಳು. ಸ್ಯಾನ್ ಡಿಯಾಗೋದ ಒಂದು ಟಿವಿ ಚಾನೆಲ್‌ನಲ್ಲಿ ಆ ಸುದ್ದಿ ಓದಿದವರು ಹುಡುಗಿ ಹೇಳಿದ ಮಾತನ್ನೇ ಹೇಳಿ ಮೆಚ್ಚಿಕೊಂಡರು. ಸುದ್ದಿ ನೋಡುತ್ತಿದ್ದವರ ಮನೆಗಳಲ್ಲಿದ್ದ ಅಲೆಕ್ಸಾಗಳೂ ಗೊಂಬೆಮನೆ ತರಿಸಲು ಹೊರಟವು.

ಜರ್ಮನಿಯ ಬೋಖಮ್‌ನ ರೂರ್ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನೇ ಹಿಡಿದು ಕೂತರು. ಈ ಡಬ್ಬಿಗಳ ಮುಂದೆ ಧಾರಾವಾಹಿ, ಸುದ್ದಿ ಹಾಕಿ, ಕರೆಯದೇ ಯಾವ ಮಾತಿಗೆಲ್ಲ ಏಳುತ್ತವೆ ಅಂತ ನೋಡಿದರು. ಅಂಥವು ಸಾವಿರಕ್ಕಿಂತ ಜಾಸ್ತಿ ಸಿಕ್ಕವು. ಅಲೆಕ್ಸಾ 'ಎಲೆಕ್ಷನ್' ಅಂದರೂ ಏಳುತ್ತಿತ್ತಂತೆ. ಎಲೆಕ್ಷನ್ ಅಂದಾಗ ಮಾತ್ರ ಎದ್ದು ಕೂತು, ಮಿಕ್ಕ ಟೈಮಲ್ಲಿ ಎಷ್ಟು ಕೂಗಿದರೂ ಕಿವಿ ಕೇಳದವರು ನಮ್ಮ ಕಡೆಯೂ ಇದ್ದಾರೆ. ಅವರಿಗೆ ಪ್ಲಗ್ ಇಲ್ಲ, ಅಷ್ಟೇ ವ್ಯತ್ಯಾಸ.

ಬರೀ ಅಗ್ಗದ ಡಬ್ಬಿಗಳ ಹಣೆಬರಹ ಅಂದುಕೊಳ್ಳಬೇಡಿ. ಸೋನೋಸ್ ಅಂತ ಒಂದು ಕಂಪನಿ ಇದೆ, ವೈರಿಲ್ಲದ ಸ್ಪೀಕರ್‌ಗಳಲ್ಲಿ ದೊಡ್ಡ ಹೆಸರು. ಹಳೇದು ಕೊಟ್ಟು ಹೊಸದು ತಗೊಳ್ಳುವವರಿಗೆ 30 ಪರ್ಸೆಂಟ್ ರಿಯಾಯ್ತಿ ಕೊಡುತ್ತೇವೆ ಅಂದಿತು. ಆದರೆ ಅದಕ್ಕೆ ಚೆನ್ನಾಗಿ ಹಾಡುತ್ತಿರುವ ನಿಮ್ಮ ಸ್ಪೀಕರನ್ನು 'ರೀಸೈಕಲ್ ಮೋಡ್'ಗೆ ಹಾಕಬೇಕಿತ್ತು. ಹಾಕಿದ 21 ದಿನಕ್ಕೆ ಅದು ಶಾಶ್ವತವಾಗಿ ಸಾಯುತ್ತಿತ್ತು. 2019ರ ಕೊನೆಯಲ್ಲಿ ಇದು ಬಯಲಾಗಿ ಜನ ಉಗಿದರು, 2020ರಲ್ಲಿ ಕೈಬಿಟ್ಟರು. ಅದೇ ಕಂಪನಿ 2024ರ ಮೇ ತಿಂಗಳಲ್ಲಿ ಹೊಸ ಆಪ್ ಬಿಟ್ಟಿತು. ಹೊಸದರಲ್ಲಿ ಅಲಾರಂ ಇಡಲು ಜಾಗ ಇರಲಿಲ್ಲ, ಸ್ಲೀಪ್ ಟೈಮರ್ ಇರಲಿಲ್ಲ. ಕೆಲವರ ಮನೆಯಲ್ಲಿ ಸ್ಪೀಕರೇ ಆಪ್‌ಗೆ ಕಾಣಲಿಲ್ಲ. ಕೇಳಿದರೆ, ಇಂಥ ಬದಲಾವಣೆಗೆ ಧೈರ್ಯ ಬೇಕು ಅಂತ ಕಂಪನಿಯ ದೊಡ್ಡವರೊಬ್ಬರು ಹೇಳಿದರು. ಧೈರ್ಯ ಬೇಕಾಗಿದ್ದು ದುಡ್ಡು ಕೊಟ್ಟವರಿಗೆ, ಅಲ್ವಾ? ಜುಲೈನಲ್ಲಿ ಸಿಇಒ ಕ್ಷಮೆ ಕೇಳಿದರು, ಮುಂದಿನ ಜನವರಿಯಲ್ಲಿ ಕುರ್ಚಿ ಬಿಟ್ಟರು.

ಇನ್ನು 2025ರ ಅಕ್ಟೋಬರ್ 20. ಅಮೆರಿಕದ ವರ್ಜೀನಿಯಾದಲ್ಲಿ, ಅಮೆಜಾನ್‌ನ ಕ್ಲೌಡ್ ವ್ಯವಸ್ಥೆಯೊಳಗೆ (ಬೇರೆ ಕಂಪನಿಗಳೂ ಬಾಡಿಗೆಗೆ ಬಳಸುವ ಕಂಪ್ಯೂಟರ್‌ಗಳ ಗುಂಪು ಅದು) ವಿಳಾಸದ ಒಂದು ಸಾಲು ಖಾಲಿಯಾಯಿತು. ಅಷ್ಟಕ್ಕೇ ಅರ್ಧ ಇಂಟರ್ನೆಟ್ ಮಲಗಿತು. ಅಲೆಕ್ಸಾಗಳು ಮೂಕವಾದವು, ರಾತ್ರಿ ಇಟ್ಟ ಅಲಾರಂ ಬೆಳಿಗ್ಗೆ ಹೊಡೆಯಲಿಲ್ಲ. ನಮ್ಮಲ್ಲಿ ಆಗ ನರಕ ಚತುರ್ದಶಿಯ ಮಧ್ಯಾಹ್ನ. ಎಣ್ಣೆ ಸ್ನಾನ, ಹಬ್ಬದೂಟ ಮುಗಿಸಿ ನಾವು ಅಲಾರಂ ಯೋಚನೆಯೇ ಇಲ್ಲದೆ ಬಿದ್ದುಕೊಂಡಿದ್ದೆವು. 1935ರಲ್ಲಿ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದ್ದರು. ಆಕಾಶವಾಣಿ ಅನ್ನುವ ಹೆಸರು ಬಂದಿದ್ದು ಅಲ್ಲಿಂದ. ಆಗ ಒಂದು ಮನೆಯ ಮಾತು ಊರಿಗೆಲ್ಲ ಕೇಳುತ್ತಿತ್ತು. ಈಗ ನಮ್ಮ ಹಾಲ್‌ನಿಂದ ಹೇಳಿದ ಮಾತು ಅಡುಗೆಮನೆ ಬಲ್ಬಿಗೆ ಮುಟ್ಟಬೇಕಾದರೆ ಯಾವುದೋ ಊರಿನ ಡೇಟಾ ಸೆಂಟರ್ ಸುತ್ತಿಕೊಂಡು ಬರಬೇಕು. ನಡುವೆ ಇರುವುದು ಹನ್ನೆರಡು ಹೆಜ್ಜೆ.

ಅಪ್ಪನ ಕಾಲದ ರೇಡಿಯೋನೂ ಕೆಡುತ್ತಿತ್ತು. ಗರಗರ ಅನ್ನುತ್ತಿತ್ತು. ಅಪ್ಪ ಎದ್ದು ಬಂದು ಅದರ ಬಲಗಡೆ, ಸ್ವಲ್ಪ ಹಿಂದೆ, ಅಂಗೈಯಿಂದ ಒಂದೇ ಏಟು ಕೊಡುತ್ತಿದ್ದ. ಒಳಗಿನ ಲೂಸ್ ಕಾಂಟ್ಯಾಕ್ಟ್ ಕೂತುಕೊಳ್ಳುತ್ತಿತ್ತು, ಪ್ರದೇಶ ಸಮಾಚಾರ ಮುಂದುವರಿಯುತ್ತಿತ್ತು. ಏಟು ಎಲ್ಲಿ, ಎಷ್ಟು ಜೋರಾಗಿ ಅನ್ನುವುದು ಮನೆಯಲ್ಲಿ ಅಪ್ಪನಿಗೊಬ್ಬನಿಗೇ ಗೊತ್ತಿತ್ತು. ನಾನೂ ಈ ಡಬ್ಬಿಗೆ ಒಂದು ಕೊಟ್ಟು ನೋಡಿದೆ. "ಸಾರಿ, ನನಗೆ ಅದು ಗೊತ್ತಿಲ್ಲ" ಅಂತ ಇಂಗ್ಲಿಷಿನಲ್ಲಿ ಹೇಳಿತು. ಕನ್ನಡ ಅದಕ್ಕೆ ಬರಲ್ಲ. ಅಮ್ಮ ಒಮ್ಮೆ ದಾಸರ ಪದ ಹಾಕು ಅಂದಿದ್ದಕ್ಕೆ ದಸರಾ ಪಾರ್ಟಿ ಡಿಜೆ ಹಾಕಿತ್ತು.

ಕರೆಂಟು ಹೋಗಿ ಬಂದ ರಾತ್ರಿಗಳಂತೂ ಬೇಡವೇ ಬೇಡ. ಡಬ್ಬಿ ಅರ್ಧ ನಿಮಿಷದಲ್ಲಿ ಏಳುತ್ತೆ. ರೂಟರ್‌ಗೆ ಎರಡು ಮೂರು ನಿಮಿಷ ಬೇಕು. ಆ ನಡುವೆ ಡಬ್ಬಿಗೆ ಗಾಬರಿ. ರಾತ್ರಿ ಎರಡು ಗಂಟೆಗೆ, ಇಂಟರ್ನೆಟ್ ಸಿಗುತ್ತಿಲ್ಲ ಅಂತ ಇಡೀ ಮನೆಯನ್ನು ಎಬ್ಬಿಸಿ ಹೇಳುತ್ತೆ. ಎದ್ದ ನಾವು ಏನು ಮಾಡಬೇಕು? ಕೇಬಲ್ ಹಿಡಿದು ನಿಲ್ಲಬೇಕಾ?

ಕೊನೆಗೆ ತೊಂದರೆ ಹಿಡಿದದ್ದು ಬಚ್ಚಲಿನ ಗೀಸರ್ ನೋಡಲು ಬಂದಿದ್ದ ಎಲೆಕ್ಟ್ರಿಷಿಯನ್. ಅವನು ಹಾಲ್‌ನಲ್ಲಿ ನೀರು ಕುಡಿಯುತ್ತಾ ನಿಂತಿದ್ದಾಗ ಲೊಚ್ ಅಂತು. ಲೋಟ ಕೆಳಗಿಟ್ಟು ಬಗ್ಗಿ ನೋಡಿದ. ಡಬ್ಬಿ, ಫ್ರಿಜ್ಜು, ಟಿವಿ ಮೂರಕ್ಕೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸು. "ಸಾರ್, ಈ ಪಾಯಿಂಟ್ ಲೂಸಾಗಿದೆ. ಫ್ರಿಜ್ ಕಂಪ್ರೆಸರ್ ಆನ್ ಆದಾಗೆಲ್ಲ ಪಿನ್ ಹತ್ರ ಸ್ಪಾರ್ಕ್ ಆಗ್ತಾ ಇದೆ. ಪಾಪ, ಇದು ಸತ್ತು ಸತ್ತು ಹುಟ್ತಾ ಇದೆ" ಅಂದ. ಎಕ್ಸ್‌ಟೆನ್ಷನ್ ಕಿತ್ತುಹಾಕಿ, ಗೋಡೆಗೆ ಹೊಸ ಸಾಕೆಟ್ ಕೂರಿಸಿದ. ನಾಲ್ಕು ನೂರು ರೂಪಾಯಿ. ಮೂರು ಫ್ಯಾಕ್ಟರಿ ರೀಸೆಟ್, ಹದಿನಾಲ್ಕು ಫೋನ್ ಕರೆ, 'ನಿಮ್ಮ ಟಿಕೆಟ್ ಪರಿಶೀಲನೆಯಲ್ಲಿದೆ' ಅನ್ನುವ ಒಂಬತ್ತು ಮೆಸೇಜು ಅಲ್ಲಿಗೆ ಮುಗಿದವು. ಸಂಜೆ ಹತ್ತನೇ ಮೆಸೇಜ್ ಬಂತು: ನಿಮ್ಮ ಸಮಸ್ಯೆಯನ್ನು ನಮ್ಮ ತಂಡ ಬಗೆಹರಿಸಿದೆ, ಎಷ್ಟು ಸ್ಟಾರ್ ಕೊಡುತ್ತೀರಿ?

ಅವತ್ತು ರಾತ್ರಿ ಮನೆ ನಿಶ್ಶಬ್ದ. ಅಮ್ಮನ ಮುಖ ಸಪ್ಪಗಿತ್ತು. ಒಂದೆರಡು ಮಾತು ಆಡಿ, ಟಿವಿ ಕಡೆ ನೋಡಿ, ಸುಮ್ಮನಾದಳು. ಸಾರು ಚೆನ್ನಾಗಿದೆ ಅಂತಲೂ ಹೇಳಲಿಲ್ಲ, ಹುಳಿ ಅಂತಲೂ ಹೇಳಲಿಲ್ಲ. ಆಮೇಲೆ ಮಜ್ಜಿಗೆ ಹಾಕಿಕೊಳ್ಳುತ್ತಾ, "ಇವನಿಗೆ ಸುಮ್ನೆ ದುಡ್ಡು ಹಾಳು ಮಾಡೋದು ಬಿಟ್ರೆ ಬೇರೇನೂ ಗೊತ್ತಿಲ್ಲ" ಅಂದಳು.

ಲೊಚ್.

ನಾನು ಕೈ ತೊಳೆಯದೆ ಎದ್ದು ಓಡಿದೆ. ಪ್ಲಗ್ ಕಿತ್ತೆ. ಒಂದು, ಎರಡು, ಮೂರು ಅಂತ ಎಣಿಸತೊಡಗಿದೆ. ಹದಿನೇಳಕ್ಕೆ ಬರುವಷ್ಟರಲ್ಲಿ ಹಿಂದಿನಿಂದ ಅಮ್ಮ ಕೂಗಿದಳು.

"ಲೋ, ಮೇಲೆ ನೋಡೋ. ಟ್ಯೂಬ್‌ಲೈಟ್ ಹತ್ರ. ಅದು ಹಲ್ಲಿ ಕಣೋ."